ಕ್ಲಾಸಿನ ಕಾರ್ಣಿಕ

ಮೈಲಾರದ ಕಾರ್ಣಿಕ ನಿಮಗೆಲ್ಲ ಗೊತ್ತೇ ಇರತ್ತೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ಜಾತ್ರೆ ಹೊತ್ತಿಗೆ, ಗೊರವಯ್ಯ ಎತ್ತರದ ಬಿಲ್ಲು ಹತ್ತಿ 'ಸದ್ದಲೇ' ಅಂತ ಕೂಗ್ತಾನೆ. ಅಷ್ಟು ದೊಡ್ಡ ಜನಸಾಗರ ಒಮ್ಮೆಲೇ ಗಪ್‌ಚಿಪ್. ಒಂದೇ ಒಂದು ಸಾಲು ನುಡಿದು ಕೆಳಗೆ ಬೀಳ್ತಾನೆ. ಆ ಸಾಲನ್ನ ಮಳೆಗೆ ಹೊಂದಿಸೋರು ಮಳೆಗೆ, ಬೆಳೆಗೆ ಹೊಂದಿಸೋರು ಬೆಳೆಗೆ, ರಾಜಕೀಯದೋರು ಕುರ್ಚಿಗೆ ಹೊಂದಿಸಿಕೊಂಡು ವರ್ಷವಿಡೀ ಚರ್ಚೆ ಮಾಡ್ತಾರೆ.

ಹೆಚ್ಚುಕಮ್ಮಿ ಇಂಥದ್ದೇ ಒಂದು ಕಾರ್ಣಿಕ ನೂರು ವರ್ಷದ ಹಿಂದೆ ಅಮೆರಿಕದ ಹೈಸ್ಕೂಲುಗಳಲ್ಲೂ ನಡೀತಿತ್ತು ಅಂದ್ರೆ ನಂಬ್ತೀರಾ? ಅದರ ಹೆಸರು 'ಕ್ಲಾಸ್ ಪ್ರಾಫೆಸಿ'. ಬಿಲ್ಲು ಇರಲಿಲ್ಲ, ವೇದಿಕೆ ಇತ್ತು. ಗೊರವಯ್ಯನ ಜಾಗದಲ್ಲಿ ಕ್ಲಾಸಿನ ಅತಿ ದೊಡ್ಡ ಬಾಯಿಯ ಹುಡುಗನೋ ಹುಡುಗಿಯೋ ಇರ್ತಿದ್ರು :-)

ಆಫೀಸಿನಲ್ಲಿ ಬಿಲ್ಡ್ ಓಡ್ತಿರುವಾಗ ಇಂಟರ್‌ನೆಟ್ ಆರ್ಕೈವ್‌ನಲ್ಲಿ ಏನಾದ್ರೂ ಕೆದಕೋದು ನನ್ನ ಹಳೇ ಚಾಳಿ. ಅಲ್ಲಿ ಅಮೆರಿಕದ ಸಣ್ಣ ಸಣ್ಣ ಊರುಗಳ ಹೈಸ್ಕೂಲ್ ಇಯರ್‌ಬುಕ್‌ಗಳನ್ನ ಸ್ಕ್ಯಾನ್ ಮಾಡಿ ಇಟ್ಟಿದಾರೆ. ಒಂದು ತೆಗೆದೆ, ಇನ್ನೊಂದು ತೆಗೆದೆ, ಬಿಲ್ಡ್ ಮುಗಿದು ಎಷ್ಟೋ ಹೊತ್ತಾದ್ರೂ ಓದ್ತಾನೇ ಇದ್ದೆ.

ಮೊದಲು ಸ್ವಲ್ಪ ಹಿನ್ನೆಲೆ ಹೇಳ್ಬಿಡ್ತೀನಿ. ಅಲ್ಲಿ ಹೈಸ್ಕೂಲು ಅಂದ್ರೆ ಹನ್ನೆರಡನೇ ಕ್ಲಾಸಿನವರೆಗೆ, ನಮ್ಮ ಪಿಯುಸಿಯೂ ಸೇರಿಕೊಂಡ ಹಾಗೆ. ಕೊನೇ ವರ್ಷದವರು 'ಸೀನಿಯರ್'ಗಳು. ಶಾಲೆ ಬಿಡುವ ವಾರದಲ್ಲಿ ಅವರಿಗೆ 'ಕ್ಲಾಸ್ ಡೇ' ಅಂತ ಒಂದು ದಿನ ಮೀಸಲು. ಹಾರ್ವರ್ಡ್‌ನಂಥ ಹಳೇ ಕಾಲೇಜುಗಳಲ್ಲಿದ್ದ ಈ ಪದ್ಧತಿ ಹತ್ತೊಂಬತ್ತನೇ ಶತಮಾನದ ಕೊನೆ ಹೊತ್ತಿಗೆ ಹೈಸ್ಕೂಲುಗಳಿಗೂ ಇಳಿದು ಬಂದಿತ್ತು. ಅವತ್ತು ಒಬ್ಬರು ಕ್ಲಾಸಿನ ಇತಿಹಾಸ ಓದಬೇಕು. ಒಬ್ಬರು ಕ್ಲಾಸಿನ ಪದ್ಯ ಓದಬೇಕು. ಇನ್ನೊಬ್ಬರು ಕ್ಲಾಸಿನ ಉಯಿಲು ಓದಬೇಕು, ಅಂದ್ರೆ "ನನ್ನ ಕೊನೇ ಬೆಂಚನ್ನೂ, ಲೇಟಾಗಿ ಬರುವ ಹಕ್ಕನ್ನೂ ಜೂನಿಯರ್‌ಗಳಿಗೆ ಬಿಟ್ಟು ಹೋಗ್ತಿದೀನಿ" ಅನ್ನೋ ಥರದ್ದು. ಕೊನೆಗೆ ಎಲ್ಲರೂ ಕಾಯ್ತಿದ್ದ ಪ್ರಾಫೆಸಿ. ಹತ್ತೋ ಇಪ್ಪತ್ತೋ ವರ್ಷ ಆದ್ಮೇಲೆ ಯಾರು ಏನಾಗಿರ್ತಾರೆ ಅಂತ ಒಬ್ಬೊಬ್ಬರ ಹೆಸರು ಹಿಡಿದು ಕಾಲೆಳೆಯೋದು.

ಇದು ಒಬ್ಬೊಬ್ಬರ ಹೆಸರು ಹಿಡಿದು ಮಾಡುವಷ್ಟು ಸಲೀಸಾಗಿದ್ದಕ್ಕೆ ಕಾರಣ ಇದೆ. 1900ರಲ್ಲಿ ಅಮೆರಿಕದ ಹದಿನೇಳು ವರ್ಷದ ಮಕ್ಕಳಲ್ಲಿ ಹೈಸ್ಕೂಲು ಮುಗಿಸ್ತಿದ್ದವರು ನೂರಕ್ಕೆ ಆರೋ ಏಳೋ ಮಂದಿ, ಅಷ್ಟೇ. ಉಳಿದವರು ಹೊಲದಲ್ಲೋ ಕಾರ್ಖಾನೆಯಲ್ಲೋ ಇರ್ತಿದ್ರು. ಹಾಗಾಗಿ ಸಣ್ಣ ಊರಲ್ಲಿ ಸೀನಿಯರ್ ಕ್ಲಾಸ್ ಅಂದ್ರೆ ಹತ್ತು ಹದಿನೈದು ಜನ. ಅದರಲ್ಲೂ ಹುಡುಗಿಯರೇ ಜಾಸ್ತಿ, ಯಾಕಂದ್ರೆ ಹುಡುಗರು ಬೇಗ ದುಡಿಮೆಗೆ ಹೋಗ್ತಿದ್ರು. ಕೇಳೋಕೆ ಅಪ್ಪ, ಅಮ್ಮ, ಮೇಷ್ಟ್ರು, ಪಾದ್ರಿ, ಕಿರಾಣಿ ಅಂಗಡಿಯವನು, ಹೀಗೆ ಊರಿಗೂರೇ ಬಂದು ಕೂತಿರೋದು. ಯಾರ ಮೂಗು ಎಷ್ಟುದ್ದ ಅಂತ ಎಲ್ಲರಿಗೂ ಗೊತ್ತು. ಜೋಕ್ ಅರ್ಥ ಮಾಡಿಸೋ ಕಷ್ಟವೇ ಇಲ್ಲ.

ಈ ಪ್ರಾಫೆಸಿಗಳಿಗೆ ಒಂದು ಸಿದ್ಧ ಚೌಕಟ್ಟಿದೆ. ನಿರೂಪಕನಿಗೆ ಕನಸು ಬೀಳತ್ತೆ, ಇಲ್ಲಾ ಗಾಜಿನ ಗೋಳ ಇಟ್ಕೊಂಡ ಜಿಪ್ಸಿ ಹೆಂಗಸು ಕಣಿ ಹೇಳ್ತಾಳೆ. ವಿಮಾನ ಬಂದ ಮೇಲೆ ನಿರೂಪಕ ವಿಮಾನದಲ್ಲಿ ಪ್ರಪಂಚ ಸುತ್ತಿ ಊರಿಗೊಬ್ಬ ಸಹಪಾಠಿಯನ್ನ ಕಾಣ್ತಾನೆ. ರೇಡಿಯೋ ಬಂದ ಮೇಲೆ ರೇಡಿಯೋ ತಿರುಗಿಸ್ತಾನೆ, ಆಮೇಲೆ ಟೀವಿ, ಆಮೇಲೆ ರಾಕೆಟ್. ಆ ಜಿಪ್ಸಿ ಹೆಂಗಸನ್ನ ನೋಡಿದಾಗೆಲ್ಲ ನನಗೆ ನಮ್ಮ ಕೊರವಂಜಿ ನೆನಪಾಗ್ತಿದ್ಲು. ರಾಶಿಯವರು, ಅಂದ್ರೆ ಡಾ. ಎಂ. ಶಿವರಾಂ, 1942ರಲ್ಲಿ ಹಾಸ್ಯಕ್ಕೇ ಅಂತ ಪತ್ರಿಕೆ ಶುರು ಮಾಡಿದಾಗ ಅದಕ್ಕಿಟ್ಟ ಹೆಸರೂ 'ಕೊರವಂಜಿ'ಯೇ. ಕಣಿಗೂ ನಗೆಗೂ ಎಲ್ಲೋ ಒಂದು ನಂಟಿರಬೇಕು.

ಇನ್ನು ಭವಿಷ್ಯಗಳೋ, ಒಂದಕ್ಕಿಂತ ಒಂದು. ಕ್ಲಾಸಿನ ಪುಕ್ಕಲ ಸರ್ಕಸ್ಸಿನಲ್ಲಿ ಸಿಂಹ ಪಳಗಿಸ್ತಿರ್ತಾನೆ. ಮಾತೇ ಆಡದವನು ಹರಾಜು ಕೂಗ್ತಿರ್ತಾನೆ. ಹುಡುಗರ ಹಿಂದೆ ಬಿದ್ದವಳು ಮಿಷನರಿ ಆಗಿ ಚೀನಾಕ್ಕೋ ಇಂಡಿಯಾಕ್ಕೋ ಹೋಗಿರ್ತಾಳೆ (ನಮ್ಮ ದೇಶ ಅಲ್ಲಿನ ಜೋಕಿಗೆ ಒದಗಿದ್ದು ಹೀಗೆ!). ಇನ್ನು ಜೋರು ಬಾಯಿಯ ಹುಡುಗಿಗೆ ಖಾಯಂ ಭವಿಷ್ಯ ಅಂದ್ರೆ ಹೆಂಗಸರಿಗೆ ವೋಟು ಬೇಕು ಅಂತ ಬೀದಿಯಲ್ಲಿ ಭಾಷಣ ಮಾಡೋದು, ಇಲ್ಲಾ ಮೇಯರ್ ಆಗೋದು, ಇಲ್ಲಾ ಸೀದಾ ಪಾರ್ಲಿಮೆಂಟಿಗೆ ಹೋಗೋದು. ಸಭೆ ಬಿದ್ದು ಬಿದ್ದು ನಕ್ಕಿರಬೇಕು.

ನನಗೆ ಕುತೂಹಲ ಹುಟ್ಟಿದ್ದೇ ಇಲ್ಲಿ. ಆ ಸಭೆ ನಕ್ಕಿದ್ದಕ್ಕೆಲ್ಲ ನಾವು ಇವತ್ತು ನಗೋದಿಲ್ಲ, ಯಾಕಂದ್ರೆ ಅದೆಲ್ಲ ಆಗೇ ಹೋಯ್ತು! ಮೊಂಟಾನಾ ರಾಜ್ಯದ ಜೆನೆಟ್ ರ‍್ಯಾಂಕಿನ್ 1916ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಆಯ್ಕೆಯಾದ ಮೊದಲ ಮಹಿಳೆ. 1920ರಲ್ಲಿ ಹೆಂಗಸರ ಮತದ ಹಕ್ಕು ದೇಶದ ಸಂವಿಧಾನಕ್ಕೇ ಸೇರಿತು. ಚಂದ್ರನ ಮೇಲೆ ಹೋಗೋ ಜೋಕು 1969ರಲ್ಲಿ ಜೋಕಾಗಿ ಉಳಿಯಲಿಲ್ಲ. ಅಂದ್ರೆ ಹುಡುಗರು ತಮಾಷೆಗೆ ಹೇಳಿದ್ದೇ ಒಂದಷ್ಟು ನಿಜ ಆಯ್ತು. ಹಾಗಾದ್ರೆ ಅವರು ತಪ್ಪಿದ್ದೆಲ್ಲಿ?

1917ನೇ ಇಸವಿ ತಗೊಳ್ಳಿ. ಶಿಕಾಗೋ ಪಕ್ಕದ ಓಕ್ ಪಾರ್ಕ್ ಹೈಸ್ಕೂಲಿನಲ್ಲಿ ಆ ವರ್ಷದ ಕ್ಲಾಸ್ ಪ್ರಾಫೆಸಿ ಬರೆದವನು ಹದಿನೇಳು ವರ್ಷದ ಒಬ್ಬ ಹುಡುಗ. ಅದು ಅವರ ಇಯರ್‌ಬುಕ್ 'ಸೀನಿಯರ್ ಟ್ಯಾಬುಲಾ'ದಲ್ಲಿ ಅಚ್ಚಾಗಿದೆ. ಹುಡುಗನ ಹೆಸರು ಅರ್ನೆಸ್ಟ್ ಹೆಮಿಂಗ್ವೇ! ಅವರು ಶಾಲೆ ಬಿಟ್ಟಿದ್ದು ಜೂನ್‌ನಲ್ಲಿ. ಅದಕ್ಕೆ ಎರಡು ತಿಂಗಳ ಮುಂಚೆ, ಏಪ್ರಿಲ್ 6ರಂದು, ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಿತ್ತು (ಆ ಯುದ್ಧಕ್ಕೆ ಬೇಡ ಅಂತ ವೋಟು ಹಾಕಿದವರಲ್ಲಿ ಮೇಲೆ ಹೇಳಿದ ರ‍್ಯಾಂಕಿನ್ ಕೂಡ ಒಬ್ಬರು). ಮುಂದಿನ ವರ್ಷ ಜುಲೈ 8ಕ್ಕೆ, ಹತ್ತೊಂಬತ್ತು ತುಂಬೋಕೆ ಇನ್ನೂ ಎರಡು ವಾರ ಇರುವಾಗ, ಈ ಕ್ಲಾಸಿನ ಕಾರ್ಣಿಕದವನು ಇಟಲಿಯ ರಣರಂಗದಲ್ಲಿ ಶೆಲ್ ಸಿಡಿದು ಕಾಲಿಗೆ ಏಟು ತಿಂದು ಬಿದ್ದಿದ್ದ. ರೆಡ್‌ಕ್ರಾಸ್ ಸೇವೆಗೆ ಅಂತ ಹೋದವನು. ಎಲ್ಲರಿಗೂ ಭವಿಷ್ಯ ಹೇಳಿ ವರ್ಷ ಒಂದು ಕಳೆದಿತ್ತು, ಅಷ್ಟೇ.

ಇನ್ನೊಂದು ಉದಾಹರಣೆ. ಕ್ಲಾಸುಗಳು ಬೆಳೀತಾ ಹೋದ ಹಾಗೆ (1940ರ ಹೊತ್ತಿಗೆ ಅಮೆರಿಕದ ಮಕ್ಕಳಲ್ಲಿ ಅರ್ಧದಷ್ಟು ಹೈಸ್ಕೂಲು ಮುಗಿಸ್ತಿದ್ರು) ಒಬ್ಬೊಬ್ಬರಿಗೂ ಭವಿಷ್ಯ ಬರೆಯೋದು ಆಗದ ಮಾತಾಯ್ತು. ಅದರ ಜಾಗಕ್ಕೆ ವೋಟು ಹಾಕಿ ಬಿರುದು ಕೊಡೋ ಪದ್ಧತಿ ಬೇರೂರಿತು. ಅದರಲ್ಲಿ ದೊಡ್ಡ ಬಿರುದು 'ಮುಂದೆ ಯಶಸ್ವಿ ಆಗೋ ಸಾಧ್ಯತೆ ಹೆಚ್ಚಿರುವವನು'. 1935ರಲ್ಲಿ ಚೋಟ್ ಅನ್ನೋ ಶ್ರೀಮಂತರ ಬೋರ್ಡಿಂಗ್ ಶಾಲೆಯಲ್ಲಿ ಈ ಬಿರುದು ಸಿಕ್ಕಿದ್ದು 112 ಜನರ ಕ್ಲಾಸಿನಲ್ಲಿ 64ನೇ ರ‍್ಯಾಂಕ್ ಬಂದ ಒಬ್ಬ ತರಲೆ ಹುಡುಗನಿಗೆ. ಗೆಳೆಯರ ಗ್ಯಾಂಗು ಸೇರಿ ವೋಟು ಹೊಂದಿಸಿ ಗೆಲ್ಲಿಸಿತ್ತು, ಅಂದ್ರೆ ಅದೂ ಒಂದು ತಮಾಷೆಯೇ. ಹುಡುಗನ ಹೆಸರು ಜಾನ್ ಎಫ್. ಕೆನಡಿ! 1961ರಲ್ಲಿ ಆತ ಅಧ್ಯಕ್ಷನಾದ. ತಮಾಷೆ ನೂರಕ್ಕೆ ನೂರು ನಿಜ ಆಯ್ತು. ಆದ್ರೆ 1963ರ ನವೆಂಬರ್‌ನಲ್ಲಿ, ನಲವತ್ತಾರನೇ ವಯಸ್ಸಿಗೇ, ಗುಂಡೇಟಿಗೆ ಸಾಯ್ತಾನೆ ಅನ್ನೋದು ಯಾವ ಬಿರುದಿನಲ್ಲೂ ಇರಲಿಲ್ಲ. ಅವನ ಹೆಂಡತಿ ಜ್ಯಾಕ್ಲೀನ್ 1947ರಲ್ಲಿ ತನ್ನ ಶಾಲೆಯ ಇಯರ್‌ಬುಕ್ಕಿನಲ್ಲಿ ಜೀವನದ ಗುರಿ ಏನು ಅಂದಿದ್ದಕ್ಕೆ, ಗೃಹಿಣಿ ಮಾತ್ರ ಆಗಬಾರದು ಅನ್ನೋ ಅರ್ಥದಲ್ಲಿ ಬರೆದಿದ್ದಳು. ಆಮೇಲೆ ಆದದ್ದು ಇಡೀ ಜಗತ್ತೇ ನೋಡ್ತಿದ್ದ ಗೃಹಿಣಿ. ಎರಡನೇ ಗಂಡನೂ ತೀರಿಹೋದ ಮೇಲೆ, 1975ರಲ್ಲಿ, ಪುಸ್ತಕ ಪ್ರಕಾಶನ ಸಂಸ್ಥೆಯಲ್ಲಿ ಸಂಪಾದಕಿಯಾಗಿ ಕೆಲಸಕ್ಕೆ ಸೇರಿದಳು. ಹದಿನೇಳರಲ್ಲಿ ಬರೆದ ಸಾಲಿಗೆ ಮರ್ಯಾದೆ ಸಿಗೋಕೆ ಇಪ್ಪತ್ತೆಂಟು ವರ್ಷ ಬೇಕಾಯ್ತು.

ಭವಿಷ್ಯ ಹೇಳೋ ಹುಚ್ಚು ಹುಡುಗರಿಗೆ ಮಾತ್ರ ಇರತ್ತೆ ಅಂದ್ಕೋಬೇಡಿ. 1965ರ ಜನವರಿ ಕೊನೆಯಲ್ಲಿ ಟೈಮ್ ಪತ್ರಿಕೆ ಲಾಸ್ ಏಂಜಲೀಸಿನ ಪ್ಯಾಲಿಸೇಡ್ಸ್ ಹೈಸ್ಕೂಲಿನ ಸೀನಿಯರ್‌ಗಳನ್ನ ಮಾದರಿಯಾಗಿಟ್ಟುಕೊಂಡು ಅಮೆರಿಕದ ಹದಿಹರೆಯದವರ ಬಗ್ಗೆ ಮುಖಪುಟ ಲೇಖನ ಬರೆಯಿತು. ಇವರ ಮುಂದಿರೋದು ಬಂಗಾರದ ಕಾಲ ಅನ್ನೋ ಧಾಟಿ. ಆರು ವಾರದೊಳಗೆ, ಮಾರ್ಚ್ 8ಕ್ಕೆ, ಅಮೆರಿಕದ ಮೆರೀನ್ ಪಡೆ ವಿಯೆಟ್ನಾಮಿನ ಡಾ ನಾಂಗ್‌ನಲ್ಲಿ ಇಳೀತು. ಆಗಸ್ಟ್‌ನಲ್ಲಿ ಅದೇ ಲಾಸ್ ಏಂಜಲೀಸಿನ ವಾಟ್ಸ್ ಬಡಾವಣೆ ಗಲಭೆಯಲ್ಲಿ ಹೊತ್ತಿ ಉರೀತು. ಹತ್ತು ವರ್ಷ ಆದ್ಮೇಲೆ ಅದೇ ಕ್ಲಾಸಿನ ಇಬ್ಬರು, ಮೈಕೆಲ್ ಮೆಡ್ವೆಡ್ ಮತ್ತು ಡೇವಿಡ್ ವಾಲೆಚಿನ್ಸ್ಕಿ, ಹಳೇ ಸಹಪಾಠಿಗಳನ್ನ ಹುಡುಕಿಕೊಂಡು ಹೋಗಿ ಮಾತಾಡಿಸಿ 1976ರಲ್ಲಿ ಒಂದು ಪುಸ್ತಕ ಮಾಡಿದ್ರು. '65ರ ಕ್ಲಾಸಿಗೆ ನಿಜವಾಗಿ ಏನಾಯ್ತು ಅನ್ನೋದೇ ಅದರ ಹೆಸರು. ಆ ಶೀರ್ಷಿಕೆಯಲ್ಲಿರೋ 'ನಿಜವಾಗಿ' ಅನ್ನೋ ಪದ ಇದೆಯಲ್ಲ, ಪ್ರತೀ ಇಯರ್‌ಬುಕ್ ಓದಿ ಮುಗಿಸಿದಾಗಲೂ ನನಗೆ ಕಿವಿಯಲ್ಲಿ ಕೇಳ್ತಿದ್ದದ್ದು ಅದೇ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನ್ಸಿದ್ದು ಇಷ್ಟು. ಕ್ಲಾಸ್ ಪ್ರಾಫೆಸಿ ಎಂಥ ವಿಚಿತ್ರವನ್ನ ಬೇಕಾದ್ರೂ ಊಹಿಸತ್ತೆ. ಸಿಂಹ, ಸರ್ಕಸ್ಸು, ಚಂದ್ರಲೋಕ, ಆರು ಸಲ ಮದುವೆ, ಎಲ್ಲ. ಆದ್ರೆ ಅದು ಒಂದನ್ನ ಮಾತ್ರ ಯಾವತ್ತೂ ಕೈಬಿಡಲ್ಲ. ಇಪ್ಪತ್ತು ವರ್ಷ ಆದ್ರೂ ಎಲ್ಲರೂ ಇದ್ದಾರೆ! ಒಬ್ಬ ಹೆಸರೂ ಬಿಟ್ಟು ಹೋಗಿಲ್ಲ. ಸೋತವನೂ ಇದ್ದಾನೆ, ದಿವಾಳಿಯಾದವನೂ ಇದ್ದಾನೆ, ಬೊಕ್ಕತಲೆಯವನೂ ಇದ್ದಾನೆ. ಎಲ್ಲರೂ ಇರ್ತಾರೆ ಅನ್ನೋ ಧೈರ್ಯ ಇದ್ದಾಗ ಮಾತ್ರ ಆ ಜೋಕು ಜೋಕಾಗತ್ತೆ. ಅದಕ್ಕೇ ಯುದ್ಧ ಬಾಗಿಲಲ್ಲಿ ನಿಂತಿದ್ದ 1917ರಲ್ಲೂ ಹುಡುಗರು ಇದನ್ನ ಬಿಡಲಿಲ್ಲ ಅನ್ಸತ್ತೆ. ಮುಂದೇನಾಗತ್ತೆ ಅಂತ ತಿಳಿಯೋಕೆ ಇದನ್ನ ಬರೀತಿದ್ರು ಅನ್ನೋದಕ್ಕಿಂತ, ನೀವೆಲ್ಲ ಇರಬೇಕು ಕಣ್ರೋ ಅನ್ನೋದನ್ನ ಬಾಯಿಬಿಟ್ಟು ಹೇಳೋಕೆ ನಾಚಿಕೆಯಾಗಿ ಬರೀತಿದ್ರು ಅನ್ನೋದೇ ಸರಿ.

ನಮ್ಮಲ್ಲೂ ಇದರ ಸೋದರಸಂಬಂಧಿಗಳು ಇದ್ದಾವೆ ಬಿಡಿ. ಎಸ್ಸೆಸ್ಸೆಲ್ಸಿ ಮುಗಿಯುವಾಗ ಆಟೋಗ್ರಾಫ್ ಪುಸ್ತಕ, ಸ್ಲ್ಯಾಮ್ ಬುಕ್, ಕಾಲೇಜಿನ ಸೆಂಡಾಫ್‌ನಲ್ಲಿ ಫಿಶ್‌ಪಾಂಡು. ಆದ್ರೆ ನಮ್ಮ ಸ್ಲ್ಯಾಮ್ ಬುಕ್ಕಿನಲ್ಲಿ 'ಗುರಿ' ಅನ್ನೋ ಕಾಲಮ್ಮಿಗೆ ಎಲ್ಲರೂ ಗಂಭೀರವಾಗಿ ಡಾಕ್ಟರ್, ಎಂಜಿನಿಯರ್ ಅಂತಲೇ ಬರೀತಿದ್ವಿ. ಒಬ್ಬ ಮಾತ್ರ ಕೆಎಸ್ಸಾರ್ಟಿಸಿ ಡ್ರೈವರ್ ಅಂತ ಬರೆದು ಮೇಷ್ಟ್ರ ಹತ್ರ ಬೈಸಿಕೊಂಡಿದ್ದ. ಫಿಶ್‌ಪಾಂಡಿನಲ್ಲಿ ಸಿಗೋದೂ ಇವತ್ತಿನ ನಮ್ಮ ಗೇಲಿ, ನಾಳಿನದ್ದಲ್ಲ.

ನಾಳಿನದ್ದನ್ನ ಬರೆದದ್ದು ಎಂಜಿನಿಯರಿಂಗ್ ಕೊನೇ ಸೆಮಿಸ್ಟರ್‌ನಲ್ಲಿ. ನಮ್ಮದು 2020ರ ಬ್ಯಾಚು. ಏಪ್ರಿಲ್‌ನಲ್ಲಿ ಸೆಂಡಾಫ್ ಅಂತ ನಾಲ್ಕು ಜನ ಸೇರಿ ಒಂದು ಶೀಟ್ ಮಾಡಿದ್ವಿ, ಅರವತ್ತೆರಡು ಹೆಸರು, ಪಕ್ಕದಲ್ಲಿ '2040ರಲ್ಲಿ' ಅನ್ನೋ ಕಾಲಮ್ಮು. ಮಾರ್ಚ್ ಮಧ್ಯದಲ್ಲಿ ಕಾಲೇಜುಗಳು ಒಂದು ವಾರಕ್ಕೆ ಅಂತ ಮುಚ್ಚಿದ್ವು. 24ರ ರಾತ್ರಿ ದೇಶಕ್ಕೇ ಬೀಗ ಬಿತ್ತು. ಹಾಸ್ಟೆಲ್ ರೂಮಿನ ಸಾಮಾನು ತರೋಕೆ ಹೋಗಿದ್ದೇ ಎಷ್ಟೋ ತಿಂಗಳಾದ ಮೇಲೆ, ಒಬ್ಬೊಬ್ಬರಾಗಿ, ಮಾಸ್ಕ್ ಹಾಕ್ಕೊಂಡು. ಆ ಶೀಟ್ ಯಾರೂ ಓದಲೇ ಇಲ್ಲ.

ಅದು ಈಗಲೂ ನನ್ನ ಡ್ರೈವ್‌ನಲ್ಲಿದೆ. ಹತ್ತೊಂಬತ್ತನೇ ಸಾಲಿನಲ್ಲಿರೋನಿಗೆ 2040ರಲ್ಲೂ ಮೆಸ್ಸಿನಲ್ಲಿ ಎರಡನೇ ಸಲ ಅನ್ನ ಕೇಳ್ತಿರ್ತಾನೆ ಅಂತ ಬರೆದಿದ್ವಿ. 2021ರ ಮೇ ತಿಂಗಳಲ್ಲಿ ಅವನು ಹೋಗ್ಬಿಟ್ಟ. ಆ ಸಾಲನ್ನ ಅಳಿಸಬೇಕಾ ಅಂತ ಗೆಳೆಯನೊಬ್ಬ ಕೇಳಿದ್ದ. ಬೇಡ ಅಂದೆ. ಆ ನೂರು ವರ್ಷದ ಹಳೇ ಇಯರ್‌ಬುಕ್ಕುಗಳಲ್ಲೂ ಯಾರೂ ಯಾರನ್ನೂ ಅಳಿಸಿಲ್ಲ. ಅಲ್ಲಿ ಎಲ್ಲರೂ ಇನ್ನೂ ಸಿಂಹ ಪಳಗಿಸ್ತಾನೇ ಇದ್ದಾರೆ.

ನಿಮ್ಮ ಹಳೇ ಆಟೋಗ್ರಾಫ್ ಪುಸ್ತಕ ಅಟ್ಟದ ಮೇಲೆಲ್ಲಾದ್ರೂ ಇದ್ರೆ ಒಂದ್ಸಲ ಇಳಿಸಿ ನೋಡಿ. ನಿಮ್ಮ ಬಗ್ಗೆ ಯಾರಾದ್ರೂ ತಮಾಷೆಗೆ ಹೇಳಿದ ಭವಿಷ್ಯ ನಿಜ ಆಗಿದ್ಯಾ? ಆಗಿದ್ರೆ ನನಗೂ ಹೇಳಿ. ಬರೆದವರ ನಂಬರ್ ಇನ್ನೂ ಇದ್ರೆ, ಅವರಿಗೆ ಮೊದಲು ಹೇಳಿ.