ಶಿಕಾಗೋಗಿಂತ ಹಿರಿಯ ಮರ: ಲಿಂಕನ್ ಪಾರ್ಕಿನ ಬರ್ ಓಕ್

ಶಿಕಾಗೋ ನಗರದ ಚರಿತ್ರೆಯನ್ನು 1803ರಲ್ಲಿ ಎದ್ದ ಡಿಯರ್‌ಬಾರ್ನ್ ಕೋಟೆಯಿಂದಲೋ, ಊರಿಗೆ ನಗರದ ಸ್ಥಾನ ದೊರೆತ 1837ರಿಂದಲೋ ಆರಂಭಿಸುವುದು ರೂಢಿ. ಆದರೆ ಲಿಂಕನ್ ಪಾರ್ಕ್ ಮೃಗಾಲಯದ ಆವರಣದಲ್ಲಿ 2023ರ ಏಪ್ರಿಲ್‌ವರೆಗೆ ನಿಂತಿದ್ದ, 250ರಿಂದ 300 ವರ್ಷ ವಯಸ್ಸಿನದೆಂದು ಅಂದಾಜಿಸಲಾದ ಬರ್ ಓಕ್ ಮರವು ಈ ಎರಡೂ ಇಸವಿಗಳಿಗಿಂತ ಹಿಂದಿನದಾದ್ದರಿಂದ, ಊರಿನ ಕಥೆಗಿಂತ ನೆಲದ ಕಥೆ ದೊಡ್ಡದೆಂಬುದಕ್ಕೆ ಅದು ಜೀವಂತ ಸಾಕ್ಷಿಯಾಗಿತ್ತು.

ಬರ್ ಓಕ್ ಎಂಬುದು ಕಾಯಿಯ ಬಟ್ಟಲಿಗೆ ಜೂಲಿನಂಥ ಅಂಚಿರುವ, ಆಳಕ್ಕೆ ಇಳಿಯುವ ತಾಯಿಬೇರಿನ, ಬೆಂಡಿನಂತೆ ದಪ್ಪನಾದ ತೊಗಟೆಯ ಓಕ್ ಜಾತಿ. ಈ ತೊಗಟೆಯ ಬಲದಿಂದ ಅದು ಹುಲ್ಲುಗಾವಲಿನ ಕಿಚ್ಚನ್ನು ತಾಳಿಕೊಳ್ಳುತ್ತದೆ. ಹೊಸ ಚಿಗುರಿಗೆ ಬೇಟೆಯ ಪ್ರಾಣಿಗಳು ಬರಲೆಂದು ಇಲ್ಲಿನ ಮೂಲನಿವಾಸಿಗಳು ಹುಲ್ಲಿಗೆ ಬೆಂಕಿಯಿಡುತ್ತಿದ್ದುದರಿಂದ ಇತರ ಗಿಡಗಳು ಸುಟ್ಟು ಬರ್ ಓಕ್‌ಗಳು ಉಳಿದವು. ಹೀಗೆ ಸವನ್ನಾ, ಅಂದರೆ ಮರಗಳು ವಿರಳವಾಗಿ ನಿಂತ ಹುಲ್ಲುನಾಡು, ಪ್ರಕೃತಿಯೊಂದರಿಂದಲೇ ಅಲ್ಲದೆ ಮನುಷ್ಯರ ಆರೈಕೆಯಿಂದಲೂ ರೂಪುಗೊಂಡಿತು. ಆ ಮೂಲನಿವಾಸಿಗಳಾದ ಪೊಟವಾಟೊಮಿ, ಒಡಾವಾ ಮತ್ತು ಒಜಿಬ್ವೆ ಜನರು 1833ರ ಶಿಕಾಗೋ ಒಪ್ಪಂದದಲ್ಲಿ ಸುಮಾರು 50 ಲಕ್ಷ ಎಕರೆ ನೆಲವನ್ನು ಬಿಟ್ಟುಕೊಟ್ಟು, ಅವರಲ್ಲಿ ಬಹುಪಾಲು ಮಂದಿ ಮಿಸಿಸಿಪ್ಪಿಯಾಚೆಗೆ ಹೋಗಬೇಕಾಯಿತು; ಅವರು ಪೊರೆದ ನೆಲದ ಮರ ಮಾತ್ರ ಇಲ್ಲಿಯೇ ಉಳಿಯಿತು.

ಮುಂದೆ ಇದರ ಆಸುಪಾಸಿನ ನೆಲ ನಗರದ ಸ್ಮಶಾನವಾಗಿ, ಬಳಿಕ ಉದ್ಯಾನವಾಗಿ, 1868ರಲ್ಲಿ ಮೃಗಾಲಯಕ್ಕೆ ನೆಲೆಯಾಯಿತು. 1871ರ ಅಕ್ಟೋಬರಿನ ಮಹಾ ಅಗ್ನಿದುರಂತದಲ್ಲಿ ಸುಮಾರು ಒಂದು ಲಕ್ಷ ಜನ ಮನೆ ಕಳೆದುಕೊಂಡು, ಬೆಂಕಿ ಉತ್ತರದ ಫುಲ್ಲರ್ಟನ್ ಅವೆನ್ಯೂವರೆಗೆ ಹಬ್ಬಿದರೂ ಮರ ಉಳಿದುಕೊಂಡಿತು. ಮೈಸೂರಿನ ಚಾಮರಾಜೇಂದ್ರ ಒಡೆಯರ ನೆರವನ್ನೂ ಪಡೆದು 1893ರ ಸರ್ವಧರ್ಮ ಸಮ್ಮೇಳನಕ್ಕೆ ಬಂದ ಸ್ವಾಮಿ ವಿವೇಕಾನಂದರಿಗೆ ಆಶ್ರಯವಿತ್ತ ಹೇಲ್ ಕುಟುಂಬದ ಮನೆ ಈ ಉದ್ಯಾನದ ದಕ್ಷಿಣದ ಅಂಚಿಗೆ ಹತ್ತಿರವಿತ್ತು. ಆಗಲೇ ಮರಕ್ಕೆ ಕನಿಷ್ಠ 120 ವರ್ಷವಾಗಿರಬೇಕು.

ಮರ ಕ್ಷೀಣಿಸಿ, ಜನರ ಮೇಲೆ ಬೀಳುವ ಅಪಾಯ ಕಂಡಾಗ ಅದನ್ನು ಕಡಿಯಬೇಕಾಯಿತು. ಬೆಂಗಳೂರಿನ ಬಳಿ ಕೇತೋಹಳ್ಳಿಯ ದೊಡ್ಡ ಆಲದ ಮರವು ತಾಯಿಕಾಂಡ ರೋಗದಿಂದ ನಾಶವಾದ ಮೇಲೂ ನೆಲಕ್ಕಿಳಿದ ಬಿಳಲುಗಳ ಬಲದಿಂದ ಸುಮಾರು ಮೂರು ಎಕರೆಯಲ್ಲಿ ಬದುಕಿದೆ. ಓಕ್‌ಗೆ ಬಿಳಲುಗಳಿಲ್ಲ. ಆದ್ದರಿಂದ ಅದರ ರೆಂಬೆಗಳಿಂದ ಕಸಿ ಕಟ್ಟಿ ಸಸಿ ಬೆಳೆಸುವ ಕೆಲಸವನ್ನು ಶಿಕಾಗೋ ಬಳಿಯ ಲೈಲ್ ಪಟ್ಟಣದ ಮಾರ್ಟನ್ ಆರ್ಬೊರೇಟಂ, ಅಂದರೆ ಮರಗಳ ಸಂಗ್ರಹೋದ್ಯಾನ, ಕೈಗೆತ್ತಿಕೊಂಡಿತು. ಹುಲ್ಲುನಾಡಿನ ಜನ ಬೆಂಕಿಯಿಂದ ಪೊರೆದ ಮರದ ಸಂತತಿ ಇಂದು ಕಸಿ ಕಟ್ಟುವವರ ಕೈಯಲ್ಲಿದೆ. ಶಿಕಾಗೋದಲ್ಲಿ ನೆಲೆಸಿದ ಕನ್ನಡಿಗರು ತಮ್ಮ ಮಕ್ಕಳಿಗೆ ಈ ಊರಿನ ಚರಿತ್ರೆಯನ್ನು ಹೇಳುವಾಗ ಕೋಟೆಗಿಂತ ಮೊದಲು ಆ ಮೂಲನಿವಾಸಿಗಳನ್ನು ಹೆಸರಿಸಿ ನೆನೆಯುವುದು ನ್ಯಾಯ.