ಪೊರೆ ಹಣ್ಣಾಗುವವರೆಗೆ: ಹೊಳಲೂರು ಸೀಮೆಯ ಹಿರಿಯರೂ ಆಸ್ಪತ್ರೆಯೂ

ಹೊಳಲೂರು ಸೀಮೆಯ ಮನೆಗಳಲ್ಲಿ ಅರವತ್ತು ದಾಟಿದವರ ಚಿಕಿತ್ಸೆಯ ಮಾತು ಬಂದಾಗ ರೋಗದ ಹೆಸರಿಗಿಂತ ಮೊದಲು ಏಳುವ ಪ್ರಶ್ನೆಗಳು ಎರಡು: ಜೊತೆಗೆ ಯಾರು ಹೋಗುತ್ತಾರೆ, ಎಷ್ಟು ದಿನ ಆಗುತ್ತದೆ. ಖರ್ಚಿನ ಮಾತು ಆಮೇಲೆ. ವಾಸಿಯಾಗುತ್ತದೋ ಇಲ್ಲವೋ ಎಂಬುದು ಬಹಳ ಸಲ ಕೊನೆಗೆ. ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗುವ ದಾರಿಯಲ್ಲಿರುವ ಈ ಹೋಬಳಿ ಬತ್ತ, ಅಡಿಕೆಯ ನೀರಾವರಿ ಸೀಮೆ. ಇಲ್ಲಿ ವಯಸ್ಸಾದವರು ಆಸ್ಪತ್ರೆ ಸೇರಿದರೆ ಜೊತೆಗೆ ಹೋದ ಮಗನ ನಾಟಿಯೋ ಕೊಯ್ಲೋ ನಿಲ್ಲುತ್ತದೆ. ಹಿರಿಯರು ತಮ್ಮ ದೇಹದ ಜೊತೆಗೆ ಇಡೀ ಮನೆಯನ್ನೇ ತಕ್ಕಡಿಗೆ ಹಾಕಿ ತೂಗುತ್ತಾ ಬಂದಿರುವುದು ಈ ಕಾರಣಕ್ಕೆ.

ಈ ತೂಗುವಿಕೆ ಕಣ್ಣಿನ ಪೊರೆಯ ಚರಿತ್ರೆಯಲ್ಲಿ ಕಾಣುವಷ್ಟು ನಿಚ್ಚಳವಾಗಿ ಬೇರೆಲ್ಲೂ ಕಾಣುವುದಿಲ್ಲ. ಒಂದೆರಡು ತಲೆಮಾರಿನ ಹಿಂದೆ ಪೊರೆ ಬಂದವರಿಗೆ ವೈದ್ಯರೇ ‘ಇನ್ನೂ ಹಣ್ಣಾಗಿಲ್ಲ, ಕಾಯಿರಿ’ ಎನ್ನುತ್ತಿದ್ದರು. ಆಗಿನ ವಿಧಾನದಲ್ಲಿ ಕಣ್ಣಿನ ಮಸೂರವನ್ನೇ ತೆಗೆದುಹಾಕಬೇಕಿತ್ತು. ಆ ಜಾಗಕ್ಕೆ ಕೂರಿಸಲು ಕೃತಕ ಮಸೂರ ಇರಲಿಲ್ಲ. ಆಪರೇಷನ್ ಆದ ಮೇಲೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ದಿನಗಟ್ಟಲೆ ಅಲ್ಲಾಡದೆ ಮಲಗಬೇಕು, ಆಮೇಲೆ ಬದುಕಿರುವಷ್ಟು ಕಾಲ ಸೋಡಾಬುಡ್ಡಿ ಕನ್ನಡಕ. ಹಾಗಾಗಿ ಅರೆಮಂಜು ಕಣ್ಣಿನಲ್ಲೇ ದನ ಕಟ್ಟುತ್ತ, ಮೊಮ್ಮಕ್ಕಳನ್ನು ಎತ್ತಿಕೊಳ್ಳುತ್ತ ಕಾಲ ತಳ್ಳುವುದೇ ಮೇಲು ಎಂದು ಹಿರಿಯರು ಎಣಿಸಿದ್ದರಲ್ಲಿ ವಿವೇಕವಿತ್ತು. ಕಳೆದುಕೊಳ್ಳಲು ಇನ್ನೇನೂ ಉಳಿದಿಲ್ಲ ಎನ್ನುವಷ್ಟು ಕತ್ತಲಾದ ಮೇಲೇ ಅವರು ಒಪ್ಪುತ್ತಿದ್ದರು. ಅದೂ ಸುಗ್ಗಿ ಮುಗಿದ ಮೇಲೆ.

ಈ ಲೆಕ್ಕವನ್ನು ಬದಲಿಸಿದವರಲ್ಲಿ ದಾವಣಗೆರೆಯಲ್ಲಿ ನೆಲೆ ಮಾಡಿಕೊಂಡಿದ್ದ ಡಾ. ಎಂ.ಸಿ. ಮೋದಿ ದೊಡ್ಡವರು. ರೋಗಿಗಳು ಆಸ್ಪತ್ರೆಗೆ ಬರುವುದನ್ನು ಕಾಯದೆ ಆಸ್ಪತ್ರೆಯನ್ನೇ ಊರುಗಳಿಗೆ ಒಯ್ದ ಅವರು 1968ರಲ್ಲಿ ತಿರುಪತಿಯ ಒಂದು ಶಿಬಿರದಲ್ಲಿ ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ಮಾಡಿದರೆಂದು ಗಿನ್ನೆಸ್ ದಾಖಲೆ ಹೇಳುತ್ತದೆ. ಸಂಖ್ಯೆ ಬೆರಗಿನದು ನಿಜ. ಆದರೆ ಮುದುಕರ ಮಟ್ಟಿಗೆ ಅದಕ್ಕಿಂತ ದೊಡ್ಡದಾದದ್ದು ಬೇರೆ: ಶಿಬಿರದಲ್ಲಿ ದುಡ್ಡು ಕೇಳುತ್ತಿರಲಿಲ್ಲ, ಪಕ್ಕದ ಹಾಸಿಗೆಯಲ್ಲಿ ತಮ್ಮೂರಿನವರೇ ಇರುತ್ತಿದ್ದರು, ಮಗ ಒಬ್ಬನೇ ನಿದ್ದೆಗೆಟ್ಟು ಕಾಯಬೇಕಾಗಿರಲಿಲ್ಲ. 1976ರಲ್ಲಿ ಕೇಂದ್ರ ಸರ್ಕಾರದ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಶುರುವಾಗಿ ಉಚಿತ ಶಿಬಿರಗಳು ಸರ್ಕಾರದ ಕೆಲಸವೂ ಆದವು. ಮುಂದೆ ಕೃತಕ ಮಸೂರ ಬಂದು, ಬೆಳಿಗ್ಗೆ ಹೋದವರು ಸಂಜೆಗೇ ಮನೆಗೆ ಬರುವಂತಾದಾಗ ‘ಹಣ್ಣಾಗಲಿ’ ಎಂಬ ಮಾತಿಗೆ ಆಧಾರವೇ ಹೋಯಿತು. ಮಾತು ಮಾತ್ರ ಹಿರಿಯರ ಬಾಯಲ್ಲಿ ಇನ್ನೂ ಉಳಿದಿದೆ.

ಇದೇ ಜಿಲ್ಲೆಯ ಭದ್ರಾವತಿಯ ಕಥೆ ಬೇರೆ. 1923ರಲ್ಲಿ ಉತ್ಪಾದನೆ ಶುರುಮಾಡಿದ ಕಬ್ಬಿಣದ ಕಾರ್ಖಾನೆಯೂ 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆಯೂ ಕಾರ್ಮಿಕರಿಗೆ ಮನೆ, ಶಾಲೆಗಳ ಜೊತೆಗೆ ಆಸ್ಪತ್ರೆಯನ್ನೂ ಕೊಟ್ಟವು. ಕ್ವಾರ್ಟರ್ಸ್‌ನಿಂದ ನಡೆದು ಹೋಗುವ ದೂರದಲ್ಲಿ ವೈದ್ಯರಿದ್ದಾಗ ರಕ್ತದೊತ್ತಡದ ಮಾತ್ರೆಗೆಂದು ಅರ್ಧ ದಿನದ ಕೂಲಿ ಬಿಡಬೇಕಾಗಿರಲಿಲ್ಲ. ಹೋಗಿ ತೋರಿಸಿಕೊಂಡು ಬರುವುದು ದಿನಚರಿಯ ಭಾಗವಾಗಿತ್ತು. ಹೊಳಲೂರಿನ ರೈತನೂ ಭದ್ರಾವತಿಯ ಪೇಪರ್ ಟೌನಿನ ನಿವೃತ್ತ ನೌಕರನೂ ಒಂದೇ ಜಿಲ್ಲೆಯವರು, ಒಂದೇ ಕಾಯಿಲೆಯವರು. ಆದರೂ ಇಬ್ಬರ ತೀರ್ಮಾನ ಬೇರೆಯಾಗುತ್ತಿದ್ದುದು ಈ ದೂರದಿಂದ. ಕಾಗದದ ಕಾರ್ಖಾನೆ ನಿಂತುಹೋದ ಮೇಲೆ, ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನಕ್ಕೆ 2023ರ ಜನವರಿಯಲ್ಲಿ ಅದನ್ನು ನಡೆಸುವ ಸರ್ಕಾರಿ ಉಕ್ಕು ಕಂಪನಿ ಸೈಲ್ ಬಂದ ಮೇಲೆ, ಭದ್ರಾವತಿಯ ಮುದುಕರೂ ಹಳ್ಳಿಯವರ ಲೆಕ್ಕಕ್ಕೇ ಇಳಿಯಬೇಕಾಯಿತು.

ಆ ಲೆಕ್ಕದಲ್ಲಿ ಮೆಟ್ಟಿಲುಗಳಿವೆ. ಮೊದಲು ಊರ ಹತ್ತಿರದ ಆರೋಗ್ಯ ಕೇಂದ್ರ, ಆಮೇಲೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ಅದಕ್ಕೂ ಮೀರಿದ್ದಾದರೆ ಘಟ್ಟದ ಕೆಳಗಿನ ಮಣಿಪಾಲ. 1953ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಶುರುವಾದಂದಿನಿಂದ ಮಲೆನಾಡಿನ ಮಾತಿನಲ್ಲಿ ‘ಮಣಿಪಾಲಕ್ಕೆ ಕರ್ಕೊಂಡು ಹೋದರು’ ಎಂದರೆ ಕಾಯಿಲೆ ಗಂಭೀರವೆಂದೇ ಅರ್ಥ. ಆಗುಂಬೆಯ ತಿರುವುಗಳನ್ನು ಇಳಿಯುವುದೆಂದರೆ ಜಮೀನಿನ ಮೇಲೆ ಸಾಲ ಎತ್ತುವುದೂ ಆಗಿರುತ್ತಿತ್ತು. ‘ನನಗೆ ಇನ್ನೆಷ್ಟು ದಿನ, ಬಿಡಿ’ ಎಂದು ಹಿರಿಯರು ಅನ್ನುತ್ತಿದ್ದುದು ಈ ಮೆಟ್ಟಿಲಿನಲ್ಲೇ. ಅದು ಸಾವಿನ ಬಯಕೆಯಲ್ಲ. ಮೊಮ್ಮಗಳ ಮದುವೆಗೆಂದು ಇಟ್ಟ ಹಣ ಉಳಿಯಲಿ ಎಂಬ ಆಸೆ. 2007ರಲ್ಲಿ ಶಿವಮೊಗ್ಗದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಗಿ ಮೆಗ್ಗಾನ್ ಅದರ ಬೋಧನಾ ಆಸ್ಪತ್ರೆಯಾದಾಗ ಘಟ್ಟ ಇಳಿಯುವ ಅಗತ್ಯ ಒಂದಿಷ್ಟು ತಗ್ಗಿತು.

ಈ ಮೆಟ್ಟಿಲುಗಳ ಪಕ್ಕದಲ್ಲೇ ಇನ್ನೊಂದು ದಾರಿಯೂ ಇತ್ತು. ಸಾಗರ ತಾಲ್ಲೂಕಿನ ನರಸೀಪುರದಲ್ಲಿ ವೈದ್ಯ ನಾರಾಯಣಮೂರ್ತಿಯವರು ಕೊಡುತ್ತಿದ್ದ ಗಿಡಮೂಲಿಕೆ ಔಷಧಿಗೆ ಹೊರರಾಜ್ಯಗಳಿಂದಲೂ ಜನ ಸಾಲುಗಟ್ಟುತ್ತಿದ್ದರು. ಕ್ಯಾನ್ಸರ್ ಎಂದು ತಿಳಿದ ಎಪ್ಪತ್ತರ ಮುದುಕರು ಅಲ್ಲಿಗೆ ಹೋದದ್ದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ಕೀಮೋ, ಕೊಯ್ತ ಇವನ್ನೆಲ್ಲ ‘ಈ ದೇಹ ತಡೆಯೋದಿಲ್ಲ’ ಎಂಬ ಅವರ ಅಂದಾಜಿನಲ್ಲಿ ಅನುಭವವಿತ್ತು. ಆದರೆ ಬೇಗ ಹೋಗಿದ್ದರೆ ವಾಸಿಯಾಗಬಹುದಾಗಿದ್ದ ಗಡ್ಡೆಗಳೂ ಇಂಥ ಕಾಯುವಿಕೆಯಲ್ಲಿ ಕೈಮೀರಿ ಬೆಳೆಯುತ್ತವೆ ಎಂಬುದನ್ನೂ ಹೇಳಲೇಬೇಕು.

ಸರ್ಕಾರದ ವಿಮೆ ತಕ್ಕಡಿಯ ಹಣದ ತಟ್ಟೆಯನ್ನು ಹಗುರ ಮಾಡಿತು. 2003ರಲ್ಲಿ ಜಾರಿಗೆ ಬಂದ ಯಶಸ್ವಿನಿಯಲ್ಲಿ ಸಹಕಾರ ಸಂಘದ ಸದಸ್ಯರು ಮೊದಲಿಗೆ ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆಗೆ ದುಡ್ಡು ಕೊಡಬೇಕಿರಲಿಲ್ಲ. ಆದರೆ 75 ವರ್ಷ ದಾಟಿದವರಿಗೆ ಅದು ಇರಲಿಲ್ಲ. ಸಕ್ಕರೆ ಕಾಯಿಲೆಯ ದಿನನಿತ್ಯದ ಮಾತ್ರೆಯೂ ಅದರೊಳಗೆ ಬರುತ್ತಿರಲಿಲ್ಲ. ಕೊಯ್ತ ಪುಕ್ಕಟೆ, ಮಾತ್ರೆಗೆ ದುಡ್ಡು ಎಂಬ ಈ ಏರ್ಪಾಟು ಹಿರಿಯರ ನಿಜವಾದ ಕಾಯಿಲೆಗಳಿಗೆ ಹೊಂದುತ್ತಿರಲಿಲ್ಲ. 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಶುರುವಾದ ವಾಜಪೇಯಿ ಆರೋಗ್ಯಶ್ರೀ ದೊಡ್ಡ ರೋಗಗಳನ್ನು ಹಿಡಿಯಿತು. ಯೋಜನೆ ಇದ್ದ ಮತ್ತು ಇಲ್ಲದ ಗಡಿಹಳ್ಳಿಗಳನ್ನು ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಬಡ ಕುಟುಂಬಗಳಲ್ಲಿ ಯೋಜನೆಗೆ ಒಳಪಟ್ಟ ರೋಗಗಳ ಸಾವು ಇಲ್ಲದ ಕಡೆ ಶೇ 0.90 ಇದ್ದರೆ ಇದ್ದ ಕಡೆ ಶೇ 0.32. ದುಡ್ಡಿನ ಭಯ ಕಳೆದರೆ ‘ಬಿಡಿ’ ಎನ್ನುವವರು ‘ಹೋಗೋಣ’ ಎನ್ನುತ್ತಾರೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಕಷ್ಟ. 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಭರವಸೆ ಕೊಟ್ಟಿತು. ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರ್ ಪತ್ರ ಬೇಕು. ಅದಕ್ಕಾಗಿ ಇನ್ನೊಂದು ಓಡಾಟ, ಮತ್ತೆ ಅದೇ ಪ್ರಶ್ನೆ, ಜೊತೆಗೆ ಯಾರು.

ಆ ಪ್ರಶ್ನೆಯನ್ನು ಸ್ವಲ್ಪವಾದರೂ ಸಡಿಲಿಸಿದ್ದು ಆರೋಗ್ಯ ಇಲಾಖೆಯದ್ದಲ್ಲದ ಒಂದು ಯೋಜನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಯಿತು. ಮಗನ ಹತ್ತಿರ ಚಾರ್ಜಿಗೆ ಕೈಚಾಚದೆ ಅಜ್ಜಿಯೊಬ್ಬಳು ಮೆಗ್ಗಾನ್‌ಗೆ ಹೋಗಿ ಬರುವುದು ಸಾಧ್ಯವಾಯಿತು. ಶಿವಮೊಗ್ಗ ಜಿಲ್ಲೆಯಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚಾಗಿರುವ ದಾರಿಗಳಲ್ಲಿ ಈ ಅನುಕೂಲ ಅಷ್ಟಾಗಿ ಸಿಗಲಿಲ್ಲ.

ಕೊನೆಯ ದಿನಗಳ ತೀರ್ಮಾನ ಬಹುಕಾಲ ಬಾಯಿಮಾತಿನದು. ‘ನಳಿಗೆ ಹಾಕಿಸಬೇಡಿ, ಮನೆಗೇ ಕರ್ಕೊಂಡು ಹೋಗಿ’ ಎಂದು ಹಿರಿಮಗನಿಗೋ ಮಗಳಿಗೋ ಹೇಳಿಟ್ಟಿದ್ದರೆ ಸಾಕಾಗಿತ್ತು. ಆಸ್ಪತ್ರೆಯಿಂದ ಮನೆಗೆ ತಂದು, ಊರವರು ಬಂದು ಮಾತಾಡಿಸಿ, ಬಾಯಿಗೆ ನೀರು ಬಿಡುವುದು ನಡೆದುಬಂದ ರೀತಿ. ಐಸಿಯು ಬಂದ ಮೇಲೆ ಆ ಮಾತನ್ನು ಮಕ್ಕಳು ನಡೆಸಿಕೊಡುವುದು ಕಷ್ಟವಾಯಿತು. ಒಬ್ಬ ಮಗ ಒಪ್ಪಿದರೆ ಬೆಂಗಳೂರಿನಲ್ಲಿರುವ ಇನ್ನೊಬ್ಬ ಒಪ್ಪುವುದಿಲ್ಲ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್ ಘನತೆಯಿಂದ ಸಾಯುವ ಹಕ್ಕನ್ನು ಮಾನ್ಯ ಮಾಡಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೊಳಿಸಲು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ನೆರೆಯ ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರು. ಈಗ ಹಿರಿಯರು ಬುದ್ಧಿ ನೆಟ್ಟಗಿರುವಾಗಲೇ ಇಬ್ಬರು ಸಾಕ್ಷಿಗಳ ಎದುರು, ನೋಟರಿ ಇಲ್ಲವೇ ಗೆಜೆಟೆಡ್ ಅಧಿಕಾರಿಯ ಮುಂದೆ, ತಮ್ಮ ಇಚ್ಛೆಯನ್ನು ಬರೆದಿಡಬಹುದು. ಗುಣವಾಗುವ ಆಸೆಯಿಲ್ಲದ ಸ್ಥಿತಿ ಬಂದಾಗ ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು ಒಂದಾದ ಮೇಲೆ ಒಂದರಂತೆ ಪರಿಶೀಲಿಸಿ, ಯಂತ್ರಗಳ ಆಧಾರವನ್ನು ತೆಗೆಯಲು ಒಪ್ಪಿಗೆ ಕೊಡುತ್ತವೆ.