ಜಿನ್ನಿಲ್ಲದ ಊರಿನ ಟಾನಿಕ್

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ನಮ್ಮ ಭಾವನವರು ಮಕರಪುರದ ಮನೆಗೆ ಬಂದಿದ್ದರು. ಹೊತ್ತು ಮುಳುಗಿದರೂ ಇಳಿಯದ ಸೆಕೆಗೆ ಬೆವರೊರೆಸಿಕೊಳ್ಳುತ್ತ, “ಈಗೊಂದು ಜಿನ್-ಟಾನಿಕ್ ಇದ್ದಿದ್ದರೆ!” ಎಂದರು. “ಭಾವ, ಇದು ಗುಜರಾತು. ಟಾನಿಕ್ ಉಂಟು, ಜಿನ್ ಇಲ್ಲ” ಎಂದೆವು. “ಜಿನ್ ಹೋದ ಮೇಲೆ ಉಳಿಯುವುದೇನು?” ಎಂದು ನಕ್ಕರು. ಉತ್ತರಕ್ಕಾಗಿ ನಾವು ಚರಿತ್ರೆಯನ್ನು ಕೆದಕಬೇಕಾಯಿತು.

ಉಳಿಯುವುದು ಕಹಿ. ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆ ಚಳಿಜ್ವರದ ಮದ್ದು. ೧೮೨೦ರಲ್ಲಿ ಪ್ಯಾರಿಸ್ಸಿನ ಪೆಲ್ತಿಯೇ ಮತ್ತು ಕಾವಂತೂ ಅದರಿಂದ ಕ್ವಿನೈನನ್ನು ಬೇರ್ಪಡಿಸಿದರು. ೧೮೫೮ರಲ್ಲಿ ಲಂಡನ್ನಿನ ಎರಾಸ್ಮಸ್ ಬಾಂಡ್ ಟಾನಿಕ್ ನೀರಿಗೆ ಪೇಟೆಂಟ್ ಪಡೆದ. ೧೮೬೦ರ ದಶಕದಲ್ಲಿ ಸಿಂಕೋನಾ ನಮ್ಮ ಮೈಸೂರು ಸೀಮೆಗೆ ತಾಗಿದ ನೀಲಗಿರಿಯಲ್ಲೇ ಬೇರೂರಿತು.

ಕಹಿ ಮರೆಸಲು ಬ್ರಿಟಿಷ್ ಸೈನಿಕರು ಜಿನ್ ಬೆರೆಸಿಕೊಂಡರೆಂಬ ಕಥೆ ಎಲ್ಲರಿಗೂ ಗೊತ್ತು. ಆದರೆ ೧೮೬೮ರ ‘ಓರಿಯೆಂಟಲ್ ಸ್ಪೋರ್ಟಿಂಗ್ ಮ್ಯಾಗಝೀನ್’ ಎಂಬ ಪತ್ರಿಕೆಯಲ್ಲಿ ಜಿನ್-ಟಾನಿಕ್ ಕೇಳುವವರು ಜ್ವರಪೀಡಿತರಲ್ಲ. ಕುದುರೆ ಪಂದ್ಯ ನೋಡಿ ಬಾಯಾರಿದವರು. ಅದು ಆಗಲೇ ದಣಿವಾರಿಸುವ ಪಾನೀಯವಾಗಿತ್ತು. ಸುಮಾರು ಅದೇ ಕಾಲಕ್ಕೆ, ೧೮೭೦ರಲ್ಲಿ, ಬಡೋದೆಯ ಖಂಡೇರಾವ್ ಗಾಯಕವಾಡರು ಮಕರಪುರದಲ್ಲಿ ಬೇಸಿಗೆಯ ಅರಮನೆ ಕಟ್ಟಿಸಿದರು. ಅರಮನೆಯಿಲ್ಲದ ನಮಗೆ ಪಾನಕವೇ ಗತಿ!

೧೯೪೯ರ ಮುಂಬಯಿ ಮದ್ಯನಿಷೇಧ ಕಾಯಿದೆ, ೧೯೬೦ರ ಮೇ ೧ರಂದು ಗುಜರಾತ್ ಬೇರೆ ರಾಜ್ಯವಾದ ಮೇಲೂ ಇಲ್ಲಿ ಮುಂದುವರಿಯಿತು. ಕಾಯಿದೆ ಇದ್ದರೂ ಕಳ್ಳಭಟ್ಟಿ ನಿಲ್ಲಲಿಲ್ಲ. ೨೦೦೯ರ ಜುಲೈಯಲ್ಲಿ ಅಹಮದಾಬಾದಿನಲ್ಲಿ ನೂರಕ್ಕೂ ಹೆಚ್ಚು ಜನ ವಿಷಮದ್ಯಕ್ಕೆ ಬಲಿಯಾದರು. ೨೦೨೨ರ ಜುಲೈಯಲ್ಲಿ ಬೋಟಾದ್ ಕಡೆ ನಲವತ್ತಕ್ಕೂ ಹೆಚ್ಚು. ಸತ್ತವರಲ್ಲಿ ಬಹುಮಂದಿ ಬಡ ಕೂಲಿಕಾರರು. ಕುಡಿಯುವುದು ಬಿಡುವುದು ಅವರವರ ವಿಚಾರ ಎನ್ನುವವರೂ ಈ ಮನೆಗಳನ್ನು ನೆನೆಯಬೇಕು. ಗುಟ್ಟಾಗಿ ಕಾಯಿಸಿದ ಸಾರಾಯಿಯಲ್ಲಿ ಮಿಥೈಲ್ ಆಲ್ಕೊಹಾಲ್ ಸೇರಿದ್ದರೆ ರುಚಿಯಿಂದ ಗುರುತಿಸಲಾಗದು. ಉಳಿದವರೂ ಕಣ್ಣು ಕಳೆದುಕೊಳ್ಳಬಹುದು. ಆದ್ದರಿಂದ ನಮ್ಮ ಕೈಚಳಕ ಪಾನಕಕ್ಕೇ ಮೀಸಲೆಂದು ನಿಶ್ಚಯಿಸಿದೆವು.

ಜಿನ್ನಿಗೆ ಮುಖ್ಯ ಪರಿಮಳ ಜೂನಿಪರ್ ಕಾಯಿಯದು. ಜೊತೆಗೆ ಸಾಮಾನ್ಯವಾಗಿ ಕೊತ್ತಂಬರಿ ಬೀಜವಿರುತ್ತದೆ, ಹಲವು ಬಗೆಗಳಲ್ಲಿ ನಿಂಬೆಜಾತಿಯ ಸಿಪ್ಪೆಯೂ. ಇವೆರಡೂ ನಮ್ಮ ಅಡಿಗೆಮನೆಯಲ್ಲೇ ಇವೆಯಲ್ಲ! ಒಂದು ಚಮಚ ಕೊತ್ತಂಬರಿ ಬೀಜವನ್ನು ಜಜ್ಜಿ, ನಿಂಬೆಸಿಪ್ಪೆಯ ಚೂರಿನೊಡನೆ ಅರ್ಧ ಲೋಟ ಬಿಸಿನೀರಿಗೆ ಹಾಕಿ ಆರಲು ಬಿಟ್ಟೆವು. ಊರಿನಿಂದ ತಂದ ಮುರುಗಲ ಸಿಪ್ಪೆಯನ್ನು, ಅಂದರೆ ದಕ್ಷಿಣ ಕನ್ನಡದವರ ಪುನರ್ಪುಳಿಯನ್ನು, ಬೇರೆ ನೆನೆಸಿ ಕಿವುಚಿದೆವು. ಎರಡನ್ನೂ ಸೋಸಿ, ಸಕ್ಕರೆ, ಚಿಟಿಕೆ ಉಪ್ಪು, ಅರ್ಧ ನಿಂಬೆಯ ರಸ ಬೆರೆಸಿ, ಲೋಟದ ಮೂರನೆಯ ಒಂದು ಪಾಲು ತುಂಬಿ, ಮೇಲೆ ತಣ್ಣನೆಯ ಟಾನಿಕ್ ನೀರು ಹೊಯ್ದೆವು. ಇಂದಿನ ಟಾನಿಕ್ ನೀರಿನಲ್ಲಿ ಕ್ವಿನೈನ್ ಬಲು ಅಲ್ಪ. ಅದು ಜ್ವರದ ಮದ್ದಲ್ಲ. ಕ್ವಿನೈನ್ ಒಗ್ಗದವರು ಬರಿಯ ಸೋಡಾ ಬಳಸಲಿ.

ಭಾವನವರು ಕೆಂಪು ಲೋಟವನ್ನು ದೀಪಕ್ಕೆ ಹಿಡಿದು ಅನುಮಾನದಿಂದ ನೋಡಿ ಒಂದು ಗುಟುಕು ಕುಡಿದರು. ಏನನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಖಾಲಿ ಲೋಟವನ್ನು ಮುಂದೆ ಚಾಚಿದರು.